ತೊಡೆಯೋ ಎದೆಯೋ

ಭಾಗೀರಥಿಯ ಹೃದಯದ ಕವಾಟ ಕೆಟ್ಟಿತ್ತು. ಹೊಸದನ್ನು ತೊಡೆಯ ರಕ್ತನಾಳದಿಂದ ತೂರಿಸಬಹುದು, ಇಲ್ಲವೇ ಎದೆ ಸೀಳಿ ಕೂರಿಸಬಹುದು.

"ಐವತ್ತೆರಡು ವಯಸ್ಸಿಗೆ ಎದೆ ತೆರೆದು ಹಾಕೋದೇ ವಾಸಿ, ಬಾಳಿಕೆ ಬರುತ್ತೆ," ಎಂದರು ಡಾಕ್ಟರು.

"ತೊಡೆಯಿಂದಾನೇ ಹಾಕಿ!" ಗಂಡ ರೇಗಿದ. "ವಾರಕ್ಕೆಲ್ಲ ಎದ್ದು ಓಡಾಡ್ತಾಳೆ. ಇವಳೂ ಮಲಗಿಬಿಟ್ರೆ, ಹಾಸಿಗೆ ಹಿಡಿದಿರೋ ನಮ್ಮಮ್ಮನ್ನ ದಿನಾ ಎತ್ತಿ ಕೂರಿಸೋರು ಯಾರು?"

"ನಿಮ್ಮ ಹೆಂಡತೀನೂ ಒಂದ್ಮಾತು ಕೇಳೋಣ."

"ಅವಳಿಗೇನ್ರೀ ಗೊತ್ತಾಗುತ್ತೆ?"

ಪಕ್ಕದಲ್ಲೇ ಕೂತಿದ್ದ ಭಾಗೀರಥಿ ಡಾಕ್ಟರ ಕಡೆ ತಿರುಗಿದಳು. ಮದುವೆಯಾದಾಗಿನಿಂದ ಅವಳನ್ನು ಯಾರೂ ಏನೂ ಕೇಳಿರಲಿಲ್ಲ.

"ಎದೆ ಸೀಳಿದ್ರೆ ಎಷ್ಟು ದಿನ ಭಾರ ಎತ್ತಬಾರದು ಡಾಕ್ಟ್ರೇ?"

"ಮೂರು ತಿಂಗಳಮ್ಮ. ತುಂಬಿದ ಬಿಂದಿಗೇನೂ ಮುಟ್ಟೋ ಹಾಗಿಲ್ಲ."

ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲು ಗಂಡ ಹಿಡಿದಿದ್ದ ಪೆನ್ನನ್ನು ಅವಳು ಕಿತ್ತುಕೊಂಡಳು.

"ಹಾಗಾದ್ರೆ ಸೀಳಿಬಿಡಿ."