ಹಸೆಗೆ ಕರೆದ ದನಿ

ಅಡ್ಯಾರಿನ ಛತ್ರದ ಊಟದ ಮನೆಯಲ್ಲಿ ವೀಳ್ಯದೆಲೆ ಒರೆಸುತ್ತಿದ್ದ ಪದ್ದಕ್ಕನ ಕೈ ಹಾಗೇ ನಿಂತಿತು. ಮಂಟಪದ ಸ್ಪೀಕರಿನಲ್ಲಿ ಮದುಮಗಳನ್ನು ಹಸೆಗೆ ಕರೆಯುತ್ತಿದ್ದುದು ಅವಳದೇ ದನಿ! ಮೊನ್ನೆ ತಮ್ಮ ಗಿರಿಧರ ಬೆರಳುದ್ದದ ರೆಕಾರ್ಡರ್ ಹಿಡಿದು, "ನೆನಪಿಗಿರಲಿ, ಒಂದ್ಸಲ ಹಾಡಕ್ಕ" ಎಂದು ಹಾಡಿಸಿಕೊಂಡಿದ್ದ. ಇವತ್ತು ಬೆಳಿಗ್ಗೆ ಅವನೇ ಮುಖ ತಪ್ಪಿಸಿ, "ಬೀಗರು ಬಹಳ ಶಾಸ್ತ್ರದವರು. ಗಂಡನಿಲ್ಲದವರು ಹಸೆ ಹತ್ರ ಬರಬಾರದಂತೆ. ನೀನು ಊಟದ ಕಡೆ ನೋಡ್ಕೋ" ಎಂದಿದ್ದ. ದೇವರಿಚ್ಛೆ ಎಂದುಕೊಂಡು ಅವಳು ಎಲೆಯ ಬುಟ್ಟಿ ಎಳೆದುಕೊಂಡಿದ್ದಳು.

ಒದ್ದೆ ಎಲೆ ಹಿಡಿದೇ ಮಂಟಪದ ಬಾಗಿಲಿಗೆ ಬಂದಳು.

"ಸಾಕ್ಷಾತ್ ಗೌರಿಯ ಕಂಠ! ಯಾರು ಹಾಡಿದ್ದು?" ಬೀಗಿತ್ತಿ ಕೇಳುತ್ತಿದ್ದರು.

"ಯಾರೋ ಏನೋ ಮಾಮಿ, ಅಂಗಡೀಲಿ ಸಿಕ್ತು," ಎಂದು ಗಿರಿಧರ ನಕ್ಕ.

ಹೂವು ದೇವರ ಮುಡಿಗೆ, ಗಿಡ ಬೇಲಿಯಾಚೆಗೆ ಎಂದುಕೊಂಡಳು ಪದ್ದಕ್ಕ. ಕೈಯ ಎಲೆ ನಡುವೆ ಸೀಳಿತ್ತು.

ಹಾಡು ಮುಗಿಯಿತು. ಆದರೆ ಅಂದು ಗಿರಿಧರ ರೆಕಾರ್ಡರನ್ನು ಕೂಡಲೇ ನಿಲ್ಲಿಸಿರಲಿಲ್ಲ. ಈಗ ಅವನದೇ ಮಾತು ಇಡೀ ಛತ್ರಕ್ಕೆ ಕೇಳಿಸಿತು: "ಮದುವೆ ದಿನ ಹಸೆ ಮುಂದೆ ಕೂತು ನೀನೇ ಹಾಡ್ಬೇಕು, ಪದ್ದಕ್ಕ. ದೇವರಾಣೆ, ನಿನ್ನ ಬಿಟ್ಟು ನನ್ನ ಮಗಳನ್ನ ಹಸೆಗೆ ಕರೆಯೋದಿಲ್ಲ."