ತಲೆ ಬಾಚುವ ವಿಚಾರಣೆ

"ಕೊಡಿ ಇಲ್ಲಿ," ಎಂದು ಮಕ್ಕಳ ರಕ್ಷಣಾ ಅಧಿಕಾರಿಣಿ ಅಪ್ಪನ ಕೈಯಿಂದ ಬಾಚಣಿಗೆ ಕಿತ್ತುಕೊಂಡರು. "ಹೊಡೆಯಲ್ಲ, ತಲೆ ಬಾಚ್ತೀವಿ ಅಷ್ಟೇ ಅಂತೀರಿ. ಬಾಚಿದರೆ ಯಾವ ಮಗು ಬೀದಿಗೆಲ್ಲ ಕೇಳೋ ಹಾಗೆ ಅರಚುತ್ತೆ? ನಾನು ಬರೆದರೆ ಇವಳನ್ನ ಇವತ್ತೇ ಕರಕೊಂಡು ಹೋಗಬಹುದು, ಗೊತ್ತಾ?"

ಅರ್ಧ ಊರಿನ ತಲೆಗಳ ಮೇಲೆ ಕತ್ತರಿ ಆಡಿಸುವವನು ಅಪ್ಪ. ಒಬ್ಬ ಗಿರಾಕಿಯೂ ಕಮಕ್ ಕಿಮಕ್ ಅಂದದ್ದಿಲ್ಲ. ಮಗಳದ್ದು ಮಾತ್ರ ಬೇರೆಯೇ ರಾಗ. ಅದನ್ನು ಕೇಳಿಯೇ ಎದುರು ಮನೆಯಾಕೆ ಈ ಅಧಿಕಾರಿಣಿಗೆ ಫೋನಿನಲ್ಲಿ ದೂರು ಕೊಟ್ಟಿದ್ದಳು.

"ಬೇಡ ಮೇಡಂ, ಇವಳ ತಲೆ ನಿಮಗೆ ಗೊತ್ತಿಲ್ಲ," ಎಂದಳು ಅಮ್ಮ.

"ಮಕ್ಕಳ ಮನಸ್ಸು ಗೊತ್ತಿದೆಯಲ್ಲ, ಸಾಕು. ಬಾ ಪುಟ್ಟಿ." ಅಧಿಕಾರಿಣಿ ಮಗುವನ್ನು ಮುಂದೆ ಕೂರಿಸಿಕೊಂಡು ಬಾಚಣಿಗೆ ಎತ್ತಿದರು. ಅದಿನ್ನೂ ಕೂದಲಿಗೆ ತಾಗಿರಲಿಲ್ಲ.

"ಅಯ್ಯಯ್ಯೋ ಸತ್ತೇ! ಕೊಲ್ತಾ ಇದಾರೆ! ಯಾರಾದ್ರೂ ಬಿಡ್ಸಿ!"

ಬಾಗಿಲು ದಡಾರನೆ ತೆರೆದು ಎದುರು ಮನೆಯಾಕೆ ನುಗ್ಗಿದಳು. "ಯಾರೇ ನೀನು? ಮಗು ಮೇಲೆ ಕೈ ಮಾಡ್ತೀಯಾ? ಇರು, ಈಗಲೇ ದೂರು ಕೊಡ್ತೀನಿ!" ಎಂದು ಅಲ್ಲೇ ನಿಂತು ಫೋನ್ ಒತ್ತಿದಳು.

ಅಧಿಕಾರಿಣಿಯ ಕೈಚೀಲದೊಳಗೆ ಫೋನ್ ಹೊಡೆದುಕೊಳ್ಳತೊಡಗಿತು.

"ಎತ್ತಿ ಮೇಡಂ," ಎಂದ ಅಪ್ಪ. "ಮಗುವಿನ ವಿಷಯ, ತಡ ಮಾಡಬಾರದು."