ನಾಲ್ಕನೆಯ ಡ್ರೈವು

"ನಿನ್ನ ಕಳ್ಳ ಬಂದ," ಎಂದು ಮ್ಯಾನೇಜರ್ ಇಂಗ್ಲಿಷಿನಲ್ಲಿ ಪಿಸುಗುಟ್ಟಿ ಗಾಜಿನ ಬಾಗಿಲ ಕಡೆ ಕಣ್ಣು ಹಾಯಿಸಿದ.

ಪಾರ್ಕಿಂಗಿನಲ್ಲಿ ಗುರುಪ್ರಸಾದರು ಕಾರಿನಿಂದ ಇಳಿಯುತ್ತಿದ್ದರು. ಕೈಯಲ್ಲಿ ಮತ್ತದೇ ಕಾಗದದ ಚೀಲ. ಅದರೊಳಗೆ ಹೋದ ಶನಿವಾರ ಕೊಂಡ ಎಸ್‌ಎಸ್‌ಡಿ, ಲ್ಯಾಪ್‌ಟಾಪಿನ ಹೊಟ್ಟೆಯಲ್ಲಿ ಫೈಲುಗಳನ್ನೆಲ್ಲ ಕಾಪಾಡುವ ಬೆರಳುದ್ದದ ಡ್ರೈವು. ವಾಪಸು ಕೊಡಲೆಂದೇ ತಂದಿದ್ದಾರೆ ಎಂಬುದರಲ್ಲಿ ಮೆಹ್ರೀನಳಿಗೆ ಸಂಶಯವಿರಲಿಲ್ಲ.

ಸ್ಯಾನ್ ಮಟಿಯೋದ ಆ ಅಂಗಡಿಯಲ್ಲಿ ಡ್ರೈವುಗಳ ಕೌಂಟರು ಹನ್ನೊಂದು ವರ್ಷದಿಂದ ಅವಳದು. ಎಂಜಿನಿಯರುಗಳೂ ಅವಳನ್ನು ಕೇಳಿಯೇ ಕೊಳ್ಳುತ್ತಿದ್ದರು. ಅವಳು ಮಾರಿದ್ದು ವಾಪಸು ಬರುವುದು ತೀರ ಅಪರೂಪ. ಮ್ಯಾನೇಜರನ ತಲೆಯಲ್ಲಿ ಹುಳ ಹೊಕ್ಕಿದ್ದೇ ಅಲ್ಲಿ. ಎಲ್ಲರಿಗೂ ಸರಿಹೋಗುವುದು ಈ ಒಬ್ಬನಿಗೆ ಮಾತ್ರ ಯಾಕೆ ಸರಿಹೋಗುವುದಿಲ್ಲ? ಗಿಲ್‌ರಾಯ್‌ನಲ್ಲಿರುವವನು ದಾರಿಯ ಅಂಗಡಿಗಳನ್ನೆಲ್ಲ ದಾಟಿ, ಒಂದೂಕಾಲು ಗಂಟೆ ಫ್ರೀವೇ ಸವೆಸಿ ಇಲ್ಲಿಗೇ ಯಾಕೆ ಬರಬೇಕು? ಹಳೆಯ ಡ್ರೈವನ್ನು ಹೊಸ ಡಬ್ಬಕ್ಕೆ ತುರುಕಿ ದುಡ್ಡು ವಾಪಸು ಕೇಳುವ ಖದೀಮರನ್ನು ಅವನು ಬೇಕಾದಷ್ಟು ನೋಡಿದ್ದ. ಅವನ ಲೆಕ್ಕದಲ್ಲಿ, ಅಲ್ಲವೆಂದು ಸಾಬೀತಾಗುವ ತನಕ ಗಿರಾಕಿಯೆಂದರೆ ಕಳ್ಳನೇ.

ಪರೀಕ್ಷೆಯನ್ನೂ ಮಾಡಿಸಿದ್ದ. ವಾಪಸು ಬಂದ ಎರಡೂ ಡ್ರೈವು ಅಂಗಡಿಯವೇ. ಒಂದಕ್ಕೂ ಹತ್ತು ನಿಮಿಷಕ್ಕಿಂತ ಹೆಚ್ಚು ಕರೆಂಟು ಹರಿದಿರಲಿಲ್ಲ. ಹಾಗಾದರೆ ಇವನು ಇನ್ನೂ ದೊಡ್ಡ ಕಳ್ಳ ಎಂದು ತೀರ್ಮಾನಿಸಿದ. ಇವತ್ತು ಮೂರನೆಯದು, ತೆಗೆದುಕೋ ಎಂದ. ಇನ್ನೊಂದೇ ಒಂದು ವಾಪಸು ಬಂದರೂ ಹೆಸರು ಕಪ್ಪುಪಟ್ಟಿಗೆ ಹೋಗುತ್ತದೆ. ಆಮೇಲೆ ಯಾವ ಶಾಖೆಯೊಳಕ್ಕೂ ಆ ಮನುಷ್ಯ ಕಾಲಿಡುವ ಹಾಗಿಲ್ಲ.

ಮೆಹ್ರೀನ್ ಅರೆ ತೆರೆದಿದ್ದ ಕೆಳಗಿನ ಡ್ರಾಯರನ್ನು ಮೊಣಕಾಲಿನಿಂದ ಮುಚ್ಚಿದಳು. ಗಿರಾಕಿಗಳಿಗೆಂದು ಎತ್ತಿಟ್ಟ ಡಬ್ಬಗಳು ಅದರಲ್ಲಿದ್ದವು, ಒಂದೊಂದರ ಮೇಲೂ ಹೆಸರು ಬರೆದ ಹಳದಿ ಚೀಟಿ.

"ನಮಸ್ಕಾರ ಮೇಡಂ. ನನ್ನ ಹಣೆಬರಹ ನೋಡಿ, ಇದೂ ಆಗ್ಲಿಲ್ಲ," ಎಂದರು ಗುರುಪ್ರಸಾದರು.

ಜನರ ಹಳೆಯ ವಿಡಿಯೋ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿಕೊಡುವುದು ಅವರ ಕೆಲಸ. ಓದಿದರೆ ಡ್ರೈವು ಸವೆಯುವುದಿಲ್ಲ, ಬರೆದರೆ ಸವೆಯುತ್ತದೆ. ಅವರದು ದಿನವಿಡೀ ಬರೆಯುವ ಕೆಲಸವೇ. ಮೊದಲ ಶನಿವಾರ ಬಂದಾಗ ಹಳೆಯ ಡ್ರೈವಿನ ಆಯುಷ್ಯ ಎಂಟು ಪರ್ಸೆಂಟು ಎಂದು ತೋರಿಸುತ್ತಿತ್ತು. ಅವತ್ತು ಮೆಹ್ರೀನಳೇ ಲ್ಯಾಪ್‌ಟಾಪಿನ ಅಡಿಯ ತಿರುಪು ಬಿಚ್ಚಿ, ಒಳಗಿನ ಜಾಗವನ್ನು ಚೆನ್ನಾಗಿ ನೋಡಿ, ಮುಚ್ಚಿಕೊಟ್ಟಿದ್ದಳು.

ಆಗ ಒಯ್ದ ಡ್ರೈವನ್ನು ಲ್ಯಾಪ್‌ಟಾಪು ಗುರುತೇ ಹಿಡಿಯಲಿಲ್ಲ. ಅದರ ಜೋಡಣೆ ಹಳೆಯ ಬಗೆಯದು. ಎರಡನೆಯದರ ಬೆನ್ನ ಮೇಲೆ ಬಿಸಿ ಹೀರುವ ಲೋಹದ ಪಟ್ಟಿಯಿತ್ತು, ಮುಚ್ಚಳ ಕೂರಲಿಲ್ಲ. ಮೂರನೆಯದು, ಈಗ ಅವರು ವಿವರಿಸಿದ ಪ್ರಕಾರ, ಮೊದಲ ಕಾಲು ಗಂಟೆ ಕುದುರೆ, ಆಮೇಲೆ ಎತ್ತಿನ ಗಾಡಿ. ದೊಡ್ಡ ಫೈಲು ಬರೆಯಹೊರಟರೆ ಅಗ್ಗದ ಡ್ರೈವುಗಳು ಹೀಗೆಯೇ ಕೈಕೊಡುತ್ತವೆ.

ಪ್ರತಿ ಶನಿವಾರವೂ ವೇಗ ಮುಖ್ಯವೋ ಬಾಳಿಕೆ ಮುಖ್ಯವೋ ಎಂದು ಶುರುವಾದ ಮಾತು ಸ್ವಲ್ಪ ಹೊತ್ತಿಗೆಲ್ಲ ಮೈಸೂರು ತಲುಪುತ್ತಿತ್ತು. ಅವರು ಸರಸ್ವತಿಪುರಂನವರು, ಅವಳು ಮಂಡಿ ಮೊಹಲ್ಲದವಳು. ಅಲ್ಲಿ ಮೂವತ್ತು ವರ್ಷ ಇದ್ದೂ ಪರಿಚಯವಿರಲಿಲ್ಲ. ಈಗ ಅವರ ಮನೆಯಲ್ಲಿ ಕ್ಯಾಸೆಟ್ಟಿನೊಳಗಿನ ಯಾರದೋ ಮದುವೆಗಳದ್ದೇ ಸದ್ದು. ಅವಳ ಅಪಾರ್ಟ್‌ಮೆಂಟಿನಲ್ಲಿ ಅದೂ ಇಲ್ಲ. ಗಂಡ ಮುಕರ್ರಮ್ ತೀರಿಕೊಂಡು ಆರು ವರ್ಷವಾಗಿತ್ತು. ಬೆಲೆ, ವಾರಂಟಿ, ಥ್ಯಾಂಕ್ಯೂ ಬಿಟ್ಟರೆ ವಾರವೆಲ್ಲ ಅವಳ ಬಾಯಿಂದ ಬೇರೆ ಮಾತು ಹೊರಡುತ್ತಿರಲಿಲ್ಲ. ಶನಿವಾರದ ಆ ನಲವತ್ತು ನಿಮಿಷದ ಮಾತು ಎಂಥದೆಂದು ಮ್ಯಾನೇಜರನಿಗೆ ಹೇಗೆ ಗೊತ್ತಾಗಬೇಕು?

"ಹಳೇದು ಈಗ ಎಷ್ಟು ತೋರಿಸ್ತಿದೆ ಸರ್?"

"ಮೂರು ಪರ್ಸೆಂಟು. ಅದೂ ಹೋದ್ರೆ ಮನೇಲಿ ಸದ್ದೇ ಇರಲ್ಲ." ಅವರು ನಗಲು ನೋಡಿದರು. "ನಂಗೇನ್ ತಿಳಿಯುತ್ತೆ ಮೇಡಂ? ನೀವ್ ಕೊಟ್ಟಿದ್ದು ತಗೊಂಡ್ ಹೋಗೋದಷ್ಟೇ."

ಆಚೆ ಮ್ಯಾನೇಜರ್ ಕೈಕಟ್ಟಿ ನಿಂತು ನೋಡುತ್ತಲೇ ಇದ್ದ. ಇವತ್ತು ಅವಳು ಮೈಸೂರಿನ ಸುದ್ದಿ ಎತ್ತಲಿಲ್ಲ. ಬಗ್ಗಿ ಡ್ರಾಯರು ಎಳೆದಳು, ಅತ್ಯಂತ ಕೆಳಗಿದ್ದ ಡಬ್ಬವನ್ನು ತೆಗೆದಳು, ಉಗುರಿನಿಂದ ಅದರ ಮೈಯನ್ನೊಮ್ಮೆ ಕೆರೆದು ಅವರ ಮುಂದಿಟ್ಟಳು.

"ಇದು ಎಷ್ಟು ಬರೆದ್ರೂ ತಡ್ಕೊಳ್ಳುತ್ತೆ ಸರ್, ಸ್ಪೀಡೂ ಬೀಳಲ್ಲ. ಐದು ವರ್ಷ ನೀವು ಈ ಕಡೆ ತಲೆ ಹಾಕ್ಬೇಕಾಗಿಲ್ಲ."

ಗುರುಪ್ರಸಾದರು ಡಬ್ಬವನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. ಅಷ್ಟು ಒಳ್ಳೆಯ ಸುದ್ದಿ ಕೇಳಿದ ಮುಖ ಅದಾಗಿರಲಿಲ್ಲ.

"ಇದೂ ಆಗ್ಲಿಲ್ಲ ಅಂದ್ರೆ, ಮುಂದಿನ ಶನಿವಾರ..."

"ಆಗುತ್ತೆ ಸರ್. ಇದು ವಾಪಸ್ ಬರಲ್ಲ."

ಅವರು ತಲೆಯಾಡಿಸಿದರು. ಹೊರಡುವಾಗ ನಮ್ಮ ಕಡೆಯವರೆಲ್ಲ ಹೇಳುವಂತೆ "ಬರ್ತೀನಿ" ಎಂದರು. ಕಾರು ಪಾರ್ಕಿಂಗು ದಾಟಿ ಫ್ರೀವೇ ಕಡೆ ತಿರುಗುವ ತನಕ ಅವಳು ನೋಡಿದಳು.

ಮ್ಯಾನೇಜರ್ ಹತ್ತಿರ ಬಂದ. ಮುಂದಿನ ವಾರ ಸಿಕ್ಕಿಬೀಳುತ್ತಾನೆ ಎಂದ. ಇನ್ನು ಅವರು ಬರುವುದಿಲ್ಲ ಎಂದಳು ಮೆಹ್ರೀನ್. ಅವನು ನಕ್ಕ, ಅಂದರೆ ಕಳ್ಳ ಹೆದರಿದ ಅನ್ನು ಎಂದ. ಹೌದು, ಹೆದರಿದ್ದು ಕಳ್ಳನೇ ಎಂದಳು.

ಅವನು ಅತ್ತ ಹೋದ ಮೇಲೆ ಬಿಗಿಹಿಡಿದಿದ್ದ ಮುಷ್ಟಿಯನ್ನು ಬಿಚ್ಚಿದಳು. ಡಬ್ಬದಿಂದ ಕಿತ್ತ ಹಳದಿ ಚೀಟಿ ಬೆರಳಿಗೆ ಅಂಟಿಕೊಂಡಿತ್ತು.

ಅದರ ಮೇಲೆ ಅವಳದೇ ಅಕ್ಷರದಲ್ಲಿ ಗುರುಪ್ರಸಾದರ ಹೆಸರಿತ್ತು, ಕೆಳಗೆ ಅವರು ಮೊಟ್ಟಮೊದಲು ಅಂಗಡಿಗೆ ಬಂದ ಶನಿವಾರದ ತಾರೀಖು.